ಮೂವತ್ತಕ್ಕೆ ಆಟ ಮುಗಿದರೆ ಆಮೇಲೇನು?

ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟದ ಸುದ್ದಿಗೆಂದು ತುರುವೇಕೆರೆಗೆ ಹೋಗಿದ್ದಾಗ ನಡೆದ ಮಾತು ಇದು. ಹೈಸ್ಕೂಲು ಹುಡುಗನೊಬ್ಬ ಬರಿಗಾಲಲ್ಲಿ ಚೆಂಡು ಒಯ್ಯುತ್ತಿದ್ದ ಚಂದ ನೋಡುತ್ತಾ ನಾವು ಫೋಟೋ ತೆಗೆಯುವುದನ್ನೇ ಮರೆತಿದ್ದೆವು. ಪಕ್ಕದಲ್ಲಿ ನಿಂತಿದ್ದವರು ಅವನ ಅಪ್ಪ. 'ಯಜಮಾನ್ರೇ, ಹುಡುಗನ್ನ ಆಟಕ್ಕೆ ಬಿಡಿ' ಅಂದೆವು. ಅವರು ನಕ್ಕು, 'ಕಾಲಲ್ಲಿ ಒದ್ದು ಉದ್ಧಾರ ಆದೋರು ಯಾರವ್ರೆ ಸಾ? ನಮ್ಮ ಕಡೆಯೋರದ್ದು ಒಂದು ಹೆಸರು ಹೇಳಿ' ಅಂದರು. ನಾವು ಕಾರ್ಲ್‌ಟನ್ ಚಾಪ್‌ಮನ್ ಹೆಸರು ಹೇಳಿದೆವು. ಬೆಂಗಳೂರಿನವರು, ಭಾರತ ತಂಡಕ್ಕೆ ಕ್ಯಾಪ್ಟನ್ ಆಗಿದ್ದವರು ಅಂತಲೂ ಸೇರಿಸಿದೆವು. 'ಸರಿ, ಆಮೇಲೆ?' ಅಂದರು.

ಆ 'ಆಮೇಲೆ'ಗೆ ಅಲ್ಲಿ ನಮ್ಮ ಬಾಯಲ್ಲಿ ಉತ್ತರ ಬರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇವೆ.

ಚಾಪ್‌ಮನ್ ಹುಟ್ಟಿದ್ದು 1971ರ ಏಪ್ರಿಲ್ 13ರಂದು. ಹತ್ತೊಂಬತ್ತರ ವಯಸ್ಸಿಗೆ ಜಮ್‌ಶೆಡ್‌ಪುರದ ಟಾಟಾ ಫುಟ್ಬಾಲ್ ಅಕಾಡೆಮಿ ಸೇರಿದರು. 1993ರಲ್ಲಿ ಕೊಲ್ಕತ್ತದ ಈಸ್ಟ್ ಬೆಂಗಾಲ್‌ಗೆ ಹೋದರು. ಆ ಸೀಸನ್ನಿನಲ್ಲೇ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6-2ರಿಂದ ಸೋಲಿಸಿತು. ಮೂರು ಗೋಲು ಇವರದ್ದೇ. ಮಿಡ್‌ಫೀಲ್ಡರ್ ಒಬ್ಬ ಹ್ಯಾಟ್ರಿಕ್ ಹೊಡೆಯುವುದು ಸಣ್ಣ ಮಾತಲ್ಲ. ಮುಂದೆ ಪಂಜಾಬಿನ ಜೆಸಿಟಿ ಸೇರಿ, ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ ಜೊತೆ ಆಡಿ, 1996-97ರ ಮೊದಲ ರಾಷ್ಟ್ರೀಯ ಲೀಗ್ ಗೆದ್ದರು. ಎಫ್‌ಸಿ ಕೊಚ್ಚಿನ್‌ನಲ್ಲಿ ಸ್ವಲ್ಪ ದಿನ ಆಡಿ ಮತ್ತೆ ಈಸ್ಟ್ ಬೆಂಗಾಲ್‌ಗೆ ಮರಳಿದರು. 2001ರಲ್ಲಿ ಅದೇ ತಂಡದ ನಾಯಕರಾಗಿ ರಾಷ್ಟ್ರೀಯ ಲೀಗ್ ಗೆದ್ದು, ಆ ವರ್ಷವೇ ಆಟ ನಿಲ್ಲಿಸಿದರು. ಆಗ ವಯಸ್ಸು ಮೂವತ್ತು.

ನಮ್ಮ ತಿಪಟೂರು ಟಾಲ್ ತೆಂಗಿನ ಲೆಕ್ಕದಲ್ಲಿ ನೋಡಿ. ಸಸಿ ನೆಟ್ಟು ಆರೇಳು ವರ್ಷಕ್ಕೆ ಹೊಂಬಾಳೆ, ಮೂವತ್ತಕ್ಕೆ ತುಂಬು ಫಸಲು, ಅರವತ್ತು ದಾಟಿದರೂ ಕಾಯಿ ಬಿಡುತ್ತದೆ. ಫುಟ್ಬಾಲ್ ಆಟಗಾರನಿಗೆ ಫಸಲು ಎಂಟು ಹತ್ತು ವರ್ಷ ಅಷ್ಟೆ. ಮೊಣಕಾಲು ಕೈಕೊಟ್ಟರೆ ಅದೂ ಇಲ್ಲ.

ಚಾಪ್‌ಮನ್ ಆಮೇಲೆ ಕೋಚ್ ಆದರು. ಮೊದಲು ತಾವು ಕಲಿತ ಟಾಟಾ ಅಕಾಡೆಮಿ, ಮುಂದೆ ಶಿಲ್ಲಾಂಗಿನ ರಾಯಲ್ ವಾಹಿಂಗ್ಡೊ, ಕೊಲ್ಕತ್ತದ ಭವಾನಿಪುರ, ಕೊನೆಗೆ ಕೋಝಿಕ್ಕೋಡಿನ ಕ್ವಾರ್ಟ್ಜ್. ಒಂದೊಂದು ಊರು, ಒಂದೊಂದು ಕರಾರು. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು ನಲವತ್ತೊಂಬತ್ತು. ಅವರು ಕಷ್ಟದಲ್ಲಿ ಸತ್ತರು ಅಂತ ನಾವು ಹೇಳುತ್ತಿಲ್ಲ, ಅಂಥ ಕಥೆ ಕಟ್ಟುವುದು ಅವರಿಗೆ ಅವಮಾನ. ಕೊನೆಯವರೆಗೂ ದುಡಿಯುತ್ತಲೇ ಇದ್ದರು. ಆದರೆ ದೇಶದ ಕ್ಯಾಪ್ಟನ್ ಆಗಿದ್ದವರ ದುಡಿಮೆಗೆ ತಮ್ಮದೇ ರಾಜ್ಯದಲ್ಲಿ ಒಂದು ಕಾಯಂ ಜಾಗ ಇರಬೇಕಿತ್ತು ಅನ್ನುವುದು ನಮ್ಮ ಮಾತು.

ಹಿಂದಿನವರಿಗೆ ಇನ್ನೊಂದು ದಾರಿ ಇತ್ತು. ಬೆಂಗಳೂರಿನ ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆಗಳು ಆಟಗಾರರಿಗೆ ಕೆಲಸ ಕೊಟ್ಟು ತಂಡ ಕಟ್ಟುತ್ತಿದ್ದವು. ಬೂಟು ಬಿಚ್ಚಿಟ್ಟ ಮೇಲೂ ಹಾಜರಿ ಪುಸ್ತಕದಲ್ಲಿ ಹೆಸರು ಇರುತ್ತಿತ್ತು, ಸಂಬಳ ಬರುತ್ತಿತ್ತು, ಪಿಎಫ್ ಬೆಳೆಯುತ್ತಿತ್ತು. ಕ್ಲಬ್ ಫುಟ್ಬಾಲಿನಲ್ಲಿ ಕೈಗೆ ಬರುವ ದುಡ್ಡು ಜಾಸ್ತಿ, ಬುಡ ಮಾತ್ರ ಸಡಿಲ. ಚಾಪ್‌ಮನ್ ಆಡಿದ ಎಫ್‌ಸಿ ಕೊಚ್ಚಿನ್ ಕೆಲವೇ ವರ್ಷಗಳಲ್ಲಿ ಮುಚ್ಚಿತು. ಮೊದಲ ಲೀಗ್ ಗೆದ್ದ ಜೆಸಿಟಿ 2011ರಲ್ಲಿ ತಂಡವನ್ನೇ ಕೈಬಿಟ್ಟಿತು. ಕ್ಲಬ್ಬೇ ಇಲ್ಲವಾದರೆ ಹಳೆಯ ಆಟಗಾರ ಯಾರ ಬಾಗಿಲು ತಟ್ಟಬೇಕು?

ಸರ್ಕಾರದ ಪಿಂಚಣಿ ಇಲ್ಲವೇ ಅಂತ ಕೇಳಬಹುದು. ಕೇಂದ್ರದ ಯೋಜನೆ ಇದೆ. ಅದು ಸಿಗುವುದು ಒಲಿಂಪಿಕ್ಸ್, ಏಷ್ಯನ್ ಗೇಮ್ಸ್, ಕಾಮನ್‌ವೆಲ್ತ್, ವಿಶ್ವ ಚಾಂಪಿಯನ್‌ಷಿಪ್ ಥರದ ಕೂಟಗಳಲ್ಲಿ ಪದಕ ಗೆದ್ದವರಿಗೆ. ಭಾರತದ ಫುಟ್ಬಾಲ್ ತಂಡ ಏಷ್ಯನ್ ಗೇಮ್ಸ್‌ನಲ್ಲಿ ಕೊನೆಯ ಪದಕ ಗೆದ್ದಿದ್ದು 1970ರಲ್ಲಿ, ಬ್ಯಾಂಕಾಕ್‌ನಲ್ಲಿ. ಅಂದರೆ ಅದರ ನಂತರ ಹುಟ್ಟಿದ ಯಾವ ಫುಟ್ಬಾಲ್ ಆಟಗಾರನೂ, ದೇಶಕ್ಕೆ ಎಷ್ಟೇ ಪಂದ್ಯ ಆಡಿರಲಿ, ಆ ಬಾಗಿಲ ಒಳಗೆ ಕಾಲಿಡಲಾರ. ಹನ್ನೊಂದು ಜನರ ಆಟದಲ್ಲಿ ತಂಡ ಸೋತರೆ ಒಬ್ಬನ ಹತ್ತು ವರ್ಷದ ಬೆವರಿಗೂ ಸೊನ್ನೆ. ಇದು ಯಾವ ನ್ಯಾಯ?

ಈ ವಿಷಯ ನಮಗೆ ನಾಟುವುದಕ್ಕೆ ಕಾರಣವೂ ಇದೆ. ನಾವು ಸ್ಟ್ರಿಂಗರ್‌ಗಳು. ಸುದ್ದಿಗೆ ಇಷ್ಟು ಅಂತ ಲೆಕ್ಕ. ಪಿಎಫ್ ಇಲ್ಲ, ಬೈಕಿನ ಪೆಟ್ರೋಲಿಗೂ ತಗಾದೆ. ಬೈಲೈನ್ ಬಂದ ದಿನ ಊರಲ್ಲಿ ನಾಲ್ಕು ಜನ ಮಾತಾಡಿಸುತ್ತಾರೆ, ಮಾರನೇ ದಿನ ಆ ಪೇಪರಿನಲ್ಲಿ ಬೋಂಡ ಕಟ್ಟುತ್ತಾರೆ. ಚಪ್ಪಾಳೆಯಿಂದ ಹೊಟ್ಟೆ ತುಂಬುವುದಿಲ್ಲ ಅನ್ನುವುದು ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಹಾಗಾದರೆ ಮಾಡಬೇಕಾದ್ದೇನು? ನಮಗೆ ತೋಚಿದ್ದು ಮೂರು. ತಂಡದ ಆಟಗಳಲ್ಲಿ ಪದಕದ ಜೊತೆಗೆ ದೇಶಕ್ಕೆ ಆಡಿದ ಪಂದ್ಯಗಳನ್ನೂ ಪಿಂಚಣಿಗೆ ಎಣಿಸಬೇಕು. ಕ್ಲಬ್ಬಿನ ಕರಾರಿನಲ್ಲೇ ಒಂದು ಪಾಲು ಪಿಎಫ್ ಥರ ಆಟಗಾರನ ಹೆಸರಿಗೆ ಕಟ್ಟುವುದು ಕಡ್ಡಾಯವಾಗಬೇಕು. ಮೂರನೆಯದು ನಮ್ಮ ಊರಿಗೆ ಸಂಬಂಧಿಸಿದ್ದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ಕಡೆ ನಾವು ಓಡಾಡಿದ್ದೇವೆ. ಪಿಇ ಮೇಷ್ಟ್ರುಗಳೇ ಖೋ ಖೋ, ಕಬಡ್ಡಿ, ವಾಲಿಬಾಲ್, ಫುಟ್ಬಾಲ್ ಎಲ್ಲಕ್ಕೂ ವಿಸಿಲ್ ಊದುತ್ತಾರೆ, ಮಧ್ಯೆ ಚುನಾವಣೆ ಡ್ಯೂಟಿ ಬೇರೆ. ಅತ್ತ ರಾಜ್ಯಕ್ಕೆ ಆಡಿ ನಿವೃತ್ತರಾದವರು ಕೆಲಸ ಹುಡುಕುತ್ತಿದ್ದಾರೆ. ಇತ್ತ ಹುಡುಗರಿಗೆ ಕಲಿಸುವವರಿಲ್ಲ. ಸರ್ಕಾರವೇ ಖರ್ಚು ಹಾಕಿ ಅವರಿಗೆ ಕೋಚಿಂಗ್ ಲೈಸೆನ್ಸ್ ಕೊಡಿಸಿ, ತಾಲ್ಲೂಕಿಗೆ ಒಬ್ಬರನ್ನು ಕಾಯಂ ನೇಮಿಸಿದರೆ ಎರಡೂ ಕೊರತೆ ನೀಗುತ್ತದೆ.

ಇನ್ನು ಆ ಅಪ್ಪನಿಗೆ. ಯಜಮಾನ್ರೇ, ನೀವು ಕೇಳಿದ್ದು ತಪ್ಪಲ್ಲ. ತೆಂಗಿನ ಸಸಿ ದೊಡ್ಡದಾಗುವ ತನಕ ನೀವು ತೋಟದಲ್ಲಿ ಬಾಳೆ ಹಾಕುತ್ತೀರಿ, ಹುರುಳಿ ಚೆಲ್ಲುತ್ತೀರಿ, ಒಂದನ್ನೇ ನಂಬಿ ಕೂರುವುದಿಲ್ಲ. ಹುಡುಗನಿಗೂ ಹಾಗೇ ಮಾಡಿ. ಓದು ಬಿಡಿಸಬೇಡಿ, ಆಟವನ್ನೂ ಬಿಡಿಸಬೇಡಿ. 'ಆಮೇಲೆ?' ಅನ್ನುವ ನಿಮ್ಮ ಪ್ರಶ್ನೆಯನ್ನು ಮಾತ್ರ ನಮ್ಮನ್ನು ಕೇಳಿ ಸುಮ್ಮನಾಗಬೇಡಿ. ಮುಂದಿನ ಕ್ರೀಡಾಕೂಟ ಉದ್ಘಾಟನೆಗೆ ಎಂಎಲ್‌ಎ ಸಾಹೇಬರು ಬರುತ್ತಾರಲ್ಲ, ಅವರನ್ನೇ ಕೇಳಿ. ಆ ಸುದ್ದಿ ಬರೆಯಲು ನಾವು ಬರುತ್ತೇವೆ.