ಬೀಗ ಇರಲಿ ಮಾತ್ರೆಗೆ, ಬಾಯಿಗಲ್ಲ

‘ನಿಮ್ಮ ಮಗ ಒಂದು ನಿಮಿಷ ಬೆಂಚಿನ ಮೇಲೆ ಕೂರಲ್ಲ ಮೇಡಂ. ಬರೆಯೋದನ್ನ ಅರ್ಧಕ್ಕೇ ಬಿಡ್ತಾನೆ. ಪಕ್ಕದ ಮಗೂನೂ ಬರೆಯೋಕೆ ಬಿಡಲ್ಲ...’

ಪೇರೆಂಟ್ಸ್ ಮೀಟಿಂಗಿನಲ್ಲಿ ಇಂಥ ಮಾತು ಕೇಳಿ ತಲೆ ತಗ್ಗಿಸಿ ಬಂದ ತಾಯಂದಿರು ಬೇಕಾದಷ್ಟಿದ್ದಾರೆ. ನೀವೂ ಅವರಲ್ಲಿ ಒಬ್ಬರಿರಬಹುದು. ಮನೆಗೆ ಬಂದರೆ ಅತ್ತೆಯವರು ‘ನೀನೇ ಮುದ್ದು ಮಾಡಿ ಕೆಡಿಸಿದ್ದು’ ಅಂತಾರೆ. ಯಜಮಾನರು ‘ನಾನೂ ಚಿಕ್ಕೋನಿದ್ದಾಗ ಹೀಗೇ ಇದ್ದೆ, ಸುಮ್ನಿರು’ ಅಂತಾರೆ. ಕೊನೆಗೆ ಧೈರ್ಯ ಮಾಡಿ ಡಾಕ್ಟರ ಬಳಿ ಹೋದಾಗ ಇದು ಎಡಿಎಚ್‌ಡಿ, ಅಂದರೆ ಗಮನ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ ಎಂದು ತಿಳಿಯುತ್ತದೆ. ಅವರೊಂದು ಮಾತ್ರೆ ಬರೆದುಕೊಡುತ್ತಾರೆ. ‘ಹುಚ್ಚಿನ ಮಾತ್ರೆ ಕೊಡ್ತಿದ್ದಾಳೆ’ ಅನ್ನುವವರ ಬಾಯಿಗೆ ಹೆದರಿ ಆ ಮಾತ್ರೆ ಸಾಸಿವೆ ಡಬ್ಬಿಯ ಹಿಂದೆ ಅಡಗಿ ಕೂರುತ್ತದೆ!

ಈ ಗುಟ್ಟಿನ ಬಗ್ಗೆಯೇ ನಿಮ್ಮ ಹತ್ತಿರ ಮಾತಾಡಬೇಕಿದೆ. ಎಡಿಎಚ್‌ಡಿ ಮಾತ್ರೆಯನ್ನು ಸರಿಯಾಗಿ ಕೊಟ್ಟರೆ ಅದು ಸುರಕ್ಷಿತ. ಆದರೆ ಸರಿಯಾಗಿ ಕೊಡಬೇಕೆಂದರೆ ನಾಲ್ಕು ಜನರ ಕಣ್ಣು ಮಗುವಿನ ಮೇಲಿರಬೇಕು. ಗುಟ್ಟಾಗಿ ಕೊಟ್ಟರೆ ಅದು ಹೇಗೆ ಸಾಧ್ಯ?

ಮೊದಲು ಮಾತ್ರೆಯ ವಿಷಯ ತಿಳಿಯೋಣ. ನಮ್ಮಲ್ಲಿ ಹೆಚ್ಚಾಗಿ ಬರೆಯುವ ಉತ್ತೇಜಕ ಔಷಧ ಮೀಥೈಲ್‌ಫೆನಿಡೇಟ್. ‘ಅಯ್ಯೋ, ಇವನು ಈಗಲೇ ಇಷ್ಟು ಕುಣೀತಾನೆ, ಉತ್ತೇಜಕ ಬೇರೆ ಕೊಡೋದಾ?’ ಎಂದು ಕೇಳುತ್ತೀರಿ. ಸಹಜವಾದ ಪ್ರಶ್ನೆಯೇ. ಈ ಮಕ್ಕಳಲ್ಲಿ ಮಿದುಳಿನ ಬ್ರೇಕ್ ಕೆಲಸ ಮಾಡುವ ಭಾಗ ಸ್ವಲ್ಪ ಮಂದವಾಗಿರುತ್ತದೆ. ಡೋಪಮೈನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳು ಅಲ್ಲಿ ಹೆಚ್ಚು ಹೊತ್ತು ಉಳಿಯುವಂತೆ ಮಾಡಿ ಮಾತ್ರೆ ಆ ಬ್ರೇಕನ್ನು ಎಚ್ಚರಿಸುತ್ತದೆ. ಇದು ನಿನ್ನೆ ಮೊನ್ನೆಯ ಸಂಗತಿಯೂ ಅಲ್ಲ. ಅಮೆರಿಕದ ಡಾ. ಚಾರ್ಲ್ಸ್ ಬ್ರಾಡ್ಲಿ ಮಕ್ಕಳ ತಲೆನೋವು ಕಡಿಮೆಯಾಗಲೆಂದು ಉತ್ತೇಜಕ ಔಷಧ ಕೊಟ್ಟಾಗ, ಅವರು ಪಾಠದಲ್ಲಿ ಮನಸ್ಸಿಟ್ಟು ಕೂತದ್ದನ್ನು ಕಂಡು 1937ರಲ್ಲೇ ಬರೆದಿದ್ದರು.

ಹಾಗೆಂದು ತುಂಟ ಮಕ್ಕಳಿಗೆಲ್ಲ ಮಾತ್ರೆ ಬೇಕಿಲ್ಲ. ಲಕ್ಷಣಗಳು 12 ವರ್ಷದೊಳಗೆ ಶುರುವಾಗಿರಬೇಕು, ಕನಿಷ್ಠ 6 ತಿಂಗಳು ಇರಬೇಕು, ಮನೆ ಮತ್ತು ಶಾಲೆ ಎರಡೂ ಕಡೆ ತೊಂದರೆ ಕೊಡುತ್ತಿರಬೇಕು. ಶಾಲೆಯಲ್ಲಿ ಮಾತ್ರ ಗಲಾಟೆಯಾದರೆ ಕಾರಣ ಬೇರೆ ಇರಬಹುದು. ಕಿವಿ ಕೇಳಿಸದ, ಕಣ್ಣು ಕಾಣಿಸದ, ನಿದ್ದೆ ಸಾಲದ, ಅಕ್ಷರ ಜೋಡಿಸಲು ಕಷ್ಟಪಡುವ ಮಗುವೂ ಕ್ಲಾಸಿನಲ್ಲಿ ಚಡಪಡಿಸುತ್ತದೆ. 6 ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ತಂದೆತಾಯಿಗೆ ಕೊಡುವ ವರ್ತನಾ ತರಬೇತಿಯೇ ಮೊದಲ ಚಿಕಿತ್ಸೆ. ಹತ್ತು ನಿಮಿಷ ನೋಡಿ ಮಾತ್ರೆ ಬರೆದುಕೊಟ್ಟರೆ ಇನ್ನೊಬ್ಬ ತಜ್ಞರನ್ನು ಕೇಳಲು ಸಂಕೋಚ ಬೇಡ.

ನಮ್ಮ ಕಾನೂನು ಈ ಔಷಧವನ್ನು ಶೆಡ್ಯೂಲ್ ಎಕ್ಸ್ ಪಟ್ಟಿಯಲ್ಲಿಟ್ಟಿದೆ. ಡಾಕ್ಟರ ಚೀಟಿ ಎರಡು ಪ್ರತಿ ಇರಬೇಕು, ಒಂದನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು, ಮಾತ್ರೆಯನ್ನು ಬೀಗದೊಳಗೆ ಇಡಬೇಕು. ದೊಡ್ಡವರು ದುರುಪಯೋಗ ಮಾಡಿಕೊಂಡಾರು ಎಂಬುದಕ್ಕೆ ಈ ಕಟ್ಟುನಿಟ್ಟು. ಡಾಕ್ಟರು ಹೇಳಿದಂತೆ ತೆಗೆದುಕೊಂಡ ಮಕ್ಕಳಿಗೆ ಮುಂದೆ ಇದರಿಂದ ಚಟದ ಅಪಾಯ ಹೆಚ್ಚಿದ್ದು ಅಧ್ಯಯನಗಳಲ್ಲಿ ಕಂಡಿಲ್ಲ. ಆದರೆ ಅಂಗಡಿಯಲ್ಲೇ ಬೀಗ ಬೇಕಾದ ಮಾತ್ರೆ ನಿಮ್ಮ ಅಡುಗೆಮನೆಯಲ್ಲಿ ಡಬ್ಬಿಯ ಹಿಂದೆ ಇದ್ದರೆ? ತಂಗಿ ಪೆಪ್ಪರ್‌ಮಿಂಟ್ ಎಂದು ಬಾಯಿಗೆ ಹಾಕಿಕೊಂಡರೆ? ಪಿಯುಸಿ ಓದುವ ಅಣ್ಣ ರಾತ್ರಿಯೆಲ್ಲ ಓದಲು ಒಂದು ನುಂಗಿದರೆ?

ಗುಟ್ಟಿನ ಇನ್ನೊಂದು ತೊಂದರೆ ನೋಡಿ. ಸಾಮಾನ್ಯ ಮಾತ್ರೆಯ ಪರಿಣಾಮ 3-4 ಗಂಟೆ, ನಿಧಾನವಾಗಿ ಬಿಡುಗಡೆಯಾಗುವುದರದ್ದು 8ರಿಂದ 12 ಗಂಟೆ. ಅಂದರೆ ಮಾತ್ರೆ ಕೆಲಸ ಮಾಡುವ ಹೊತ್ತಿಗೆ ಮಗು ಶಾಲೆಯಲ್ಲಿರುತ್ತದೆ. ನಿಮ್ಮ ಕೈಗೆ ಸಿಗುವುದು ಮಾತ್ರೆ ಇಳಿದು ರೇಗಾಡುವ ಸಂಜೆಯ ಮಗು! ‘ಏನೂ ಪ್ರಯೋಜನ ಇಲ್ಲ’ ಎಂದು ನೀವು ನಿಲ್ಲಿಸುತ್ತೀರಿ, ಅಥವಾ ಸಂಜೆ ಇನ್ನೊಂದು ಕೊಡುತ್ತೀರಿ. ಎರಡೂ ತಪ್ಪು. ಟೀಚರಿಗೆ ವಿಷಯ ಗೊತ್ತಿದ್ದರೆ ತಾನೇ ಬೆಳಿಗ್ಗೆ ಮಗು ಹೇಗಿತ್ತು ಎಂದು ಹೇಳುವುದು? ಅವರ ಮಾತು ಕೇಳಿಯೇ ಡಾಕ್ಟರು ಪ್ರಮಾಣ ಹೆಚ್ಚು ಕಡಿಮೆ ಮಾಡಬೇಕು. ಇನ್ನೂ ಒಂದು ಮಾತು. ಮಗು ಮಾತು ಬಿಟ್ಟು, ನಗು ಬಿಟ್ಟು, ಬೊಂಬೆಯ ಹಾಗೆ ಕೂತರೆ ‘ಎಷ್ಟು ಒಳ್ಳೆಯವನಾದ’ ಎಂದು ಹಿಗ್ಗಬೇಡಿ. ಡೋಸ್ ಹೆಚ್ಚಾಗಿರಬಹುದು, ಡಾಕ್ಟರಿಗೆ ತಿಳಿಸಿ.

ಅತ್ತೆಯವರಿಗೂ ಗೊತ್ತಿರಲಿ. ಈ ಮಾತ್ರೆಯಿಂದ ಮಧ್ಯಾಹ್ನ ಹಸಿವು ಕಡಿಮೆಯಾಗುತ್ತದೆ. ಟಿಫನ್ ಬಾಕ್ಸ್ ಹಾಗೇ ವಾಪಸ್ ಬಂದರೆ ಅವರು ಗಾಬರಿಯಾಗಿ ಬೈಯುವುದು ಸಹಜ. ವಿಷಯ ಹೇಳಿದರೆ ಅದೇ ಅಜ್ಜಿ ಬೆಳಿಗ್ಗೆ ಮಾತ್ರೆಗೆ ಮುಂಚೆ ತುಪ್ಪದ ದೋಸೆ, ಸಂಜೆ ಹಸಿವು ಮರಳಿದಾಗ ರೊಟ್ಟಿ ಪಲ್ಯ, ಮಲಗುವ ಮುಂಚೆ ರಾಗಿ ಮಾಲ್ಟ್ ಮಾಡಿ ಕೊಟ್ಟಾರು. ಇದು ಸಣ್ಣ ವಿಷಯವಲ್ಲ. ಅಮೆರಿಕದಲ್ಲಿ 579 ಮಕ್ಕಳನ್ನು ಅನುಸರಿಸಿದ ಅಧ್ಯಯನದ 2007ರ ವರದಿಯಂತೆ, ಮೂರು ವರ್ಷ ಬಿಡದೆ ಔಷಧ ತೆಗೆದುಕೊಂಡವರು ತೆಗೆದುಕೊಳ್ಳದವರಿಗಿಂತ ಸರಾಸರಿ ಸುಮಾರು 2 ಸೆಂ.ಮೀ. ಕಡಿಮೆ ಬೆಳೆದಿದ್ದರು. ಹೆದರಬೇಕಿಲ್ಲ, ಆದರೆ ಅಳೆಯುತ್ತಿರಬೇಕು.

ಈ ಕೆಳಗಿನವು ನೆನಪಿರಲಿ:

* ಶುರು ಮಾಡುವ ಮುಂಚೆ ಎತ್ತರ, ತೂಕ, ನಾಡಿ, ಬಿ.ಪಿ. ಬರೆಸಿಕೊಳ್ಳಿ. 10 ವರ್ಷದವರೆಗೆ 3 ತಿಂಗಳಿಗೊಮ್ಮೆ ತೂಕ, ಎಲ್ಲ ಮಕ್ಕಳಿಗೂ 6 ತಿಂಗಳಿಗೊಮ್ಮೆ ಎತ್ತರ, ನಾಡಿ, ಬಿ.ಪಿ. ನೋಡಿಸಿ. ಡೋಸ್ ಬದಲಾದಾಗಲೂ ನಾಡಿ, ಬಿ.ಪಿ. ಪರೀಕ್ಷೆ ಆಗಬೇಕು.

* ಮಗುವಿಗೆ ಹೃದಯದ ತೊಂದರೆ ಇದ್ದರೆ, ಆಟವಾಡುವಾಗ ಎಚ್ಚರ ತಪ್ಪಿದ್ದರೆ, ಮನೆತನದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಹಠಾತ್ತನೆ ತೀರಿಕೊಂಡಿದ್ದರೆ ಮೊದಲೇ ಹೇಳಿ.

* ಮಾತ್ರೆ ದೊಡ್ಡವರ ಕೈಯಿಂದಲೇ ಹೋಗಲಿ. ಕೊಟ್ಟ ಕೂಡಲೇ ಕ್ಯಾಲೆಂಡರ್ ಮೇಲೆ ಗುರುತು ಹಾಕಿ. ಆಗ ನೀವು ಕೊಟ್ಟದ್ದು ತಿಳಿಯದೆ ಯಜಮಾನರು ಇನ್ನೊಂದು ಕೊಡುವುದು ತಪ್ಪುತ್ತದೆ. ವಾರಕ್ಕೊಮ್ಮೆ ಎಣಿಸಿ.

* ಮರೆತರೆ ಮಾರನೆ ದಿನ ಎರಡು ಕೊಡಬೇಡಿ. ಸಂಜೆ ಮೇಲೆ ಕೊಟ್ಟರೆ ನಿದ್ದೆ ಕೆಡುತ್ತದೆ.

* ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯನ್ನು ಪುಡಿ ಮಾಡಬೇಡಿ, ಅಗಿಯಲು ಬಿಡಬೇಡಿ.

* ನೆಗಡಿಯ ಸಿರಪ್, ನಾಟಿ ಔಷಧ ಏನೇ ಕೊಡುವುದಿದ್ದರೂ ಮೊದಲು ಡಾಕ್ಟರನ್ನು ಕೇಳಿ.

* ಅಮೆರಿಕದಲ್ಲಿರುವ ಅಕ್ಕನ ಮಗನಿಗೆ ಹಿಡಿಸಿದ ಮಾತ್ರೆ ಎಂದು ಯಾರಿಂದಲೂ ತರಿಸಬೇಡಿ. ಅಲ್ಲಿ ಬರೆಯುವ ಆಂಫೆಟಮಿನ್ ಇಲ್ಲಿ ಮಾದಕ ವಸ್ತು ಕಾಯ್ದೆಯಡಿ ಬರುತ್ತದೆ.

* ಎದೆನೋವು, ಎಚ್ಚರ ತಪ್ಪುವುದು, ಇಲ್ಲದ್ದು ಕಾಣಿಸುವುದು ಅಥವಾ ಕೇಳಿಸುವುದು, ‘ಸಾಯ್ತೀನಿ’ ಎನ್ನುವ ಮಾತು... ಇವುಗಳಲ್ಲಿ ಯಾವುದಾದರೂ ಕಂಡರೆ ಮುಂದಿನ ಮಾತ್ರೆ ತಡೆದು ಅಂದೇ ಆಸ್ಪತ್ರೆಗೆ ಹೋಗಿ.

ರಜೆಯಲ್ಲಿ ನಿಲ್ಲಿಸಬಹುದೇ, ಎಷ್ಟು ವರ್ಷ ಕೊಡಬೇಕು ಎಂಬುದನ್ನು ಡಾಕ್ಟರ ಜತೆ ಕೂತು ತೀರ್ಮಾನಿಸಿ. ವರ್ಷಕ್ಕೊಮ್ಮೆಯಾದರೂ ‘ಇನ್ನೂ ಬೇಕಾ?’ ಎಂದು ನೀವೇ ಕೇಳಿ. ಮಾತ್ರೆ ಮಗುವನ್ನು ಕೂರಿಸೀತು, ಪಾಠ ಕಲಿಸದು. ಒಂದು ಸಲಕ್ಕೆ ಒಂದೇ ಕೆಲಸ ಹೇಳುವುದು, ಮಾಡಿದ ಕೂಡಲೇ ಬೆನ್ನು ತಟ್ಟುವುದು, ಹೊತ್ತಿಗೆ ಸರಿಯಾಗಿ ಮಲಗಿಸುವುದು ಎಲ್ಲವೂ ಜತೆಗೆ ನಡೆಯಬೇಕು. ಇಷ್ಟನ್ನೂ ನೀವೊಬ್ಬರೇ ಹೊರಬೇಕೇ? ಮುಂದಿನ ಸಲ ಡಾಕ್ಟರ ಬಳಿ ಹೋಗುವಾಗ ಯಜಮಾನರನ್ನೂ ಕರೆದುಕೊಂಡು ಹೋಗಿ. ನೀವು ಹತ್ತು ಸಲ ಹೇಳಿದ್ದನ್ನು ಅವರು ಅಲ್ಲಿ ಒಂದೇ ಸಲಕ್ಕೆ ನಂಬಿಯಾರು!

ಎಲ್ಲಿ ತೋರಿಸಬೇಕು ಎಂದು ತಿಳಿಯದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವೇ ಇದೆ, ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. 2022ರಲ್ಲಿ ಶುರುವಾದ ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮಗುವಿಗೂ ನಿಜ ಹೇಳಿ. ‘ವಿಟಮಿನ್’ ಎಂದು ಸುಳ್ಳು ಹೇಳಿ ಕೊಟ್ಟರೆ ಒಂದು ದಿನ ಅದಕ್ಕೆ ಗೊತ್ತಾಗಿಯೇ ಆಗುತ್ತದೆ. ಆಗ ತನ್ನಲ್ಲಿ ಏನೋ ನಾಚಿಕೆಪಡುವಂಥದ್ದಿದೆ ಎಂದುಕೊಳ್ಳುತ್ತದೆ. ಕಣ್ಣು ಮಂಜಾದವರು ಕನ್ನಡಕ ಹಾಕಿಕೊಳ್ಳುತ್ತಾರೆ, ನಿನಗೆ ಗಮನ ನಿಲ್ಲಲು ಈ ಮಾತ್ರೆ ಎಂದು ಹೇಳಿದರೆ ಎಂಟು ವರ್ಷದ ಮಗುವಿಗೂ ಅರ್ಥವಾಗುತ್ತದೆ. ತಲೆ ಸುತ್ತಿದರೆ, ಹೊಟ್ಟೆ ನೋವಾದರೆ, ಎದೆ ಹೊಡೆದುಕೊಂಡರೆ ಅದನ್ನು ಎಲ್ಲರಿಗಿಂತ ಮೊದಲು ತಿಳಿಯುವುದು ಆ ಮಗುವೇ. ಅದು ಬಾಯಿ ಬಿಟ್ಟು ನಿಮಗೆ ಹೇಳುವಂತಿರಲಿ.