ಹೊಲದ ಹದ ಬಲ್ಲವರು ಆಟದ ಮೈದಾನವನ್ನೂ ನೋಡಲಿ



ಬಿತ್ತನೆಗೆ ಮುಂಚೆ ನೀವು ಹೊಲಕ್ಕಿಳಿದು ಒಂದು ಹಿಡಿ ಮಣ್ಣು ತೆಗೆದು ಅಮುಕಿ ನೋಡುತ್ತೀರಿ. ಉಂಡೆ ಕಟ್ಟಿತೇ, ಪುಡಿಯಾಯಿತೇ ಎಂಬುದನ್ನು ನೋಡಿಕೊಂಡೇ ಕೂರಿಗೆ ಹೂಡುತ್ತೀರಿ. ನಿಮ್ಮ ಮಕ್ಕಳು ಕಬಡ್ಡಿ ಆಡುವ ಮೈದಾನದ ಮಣ್ಣನ್ನು ಯಾರಾದರೂ ಹೀಗೆ ಮುಟ್ಟಿ ನೋಡಿದ್ದುಂಟೇ? ಇಪ್ಪತ್ತು ವರ್ಷದ ಸೇವೆಯಲ್ಲಿ ನಾನಂತೂ ಕಂಡಿಲ್ಲ.

ಹಿಂದೊಮ್ಮೆ ದಸರಾಕ್ಕೆ ಮುಂಚಿನ ಕ್ರೀಡಾಕೂಟವೊಂದರಲ್ಲಿ ಇಲಾಖೆಯ ಮಳಿಗೆ ಹಾಕಿಕೊಂಡು ಕುಳಿತಿದ್ದೆ. ಕಬಡ್ಡಿ ಅಂಕಣ ಗುರುತಿಸಿದ್ದು ವರ್ಷವಿಡೀ ಟ್ರಾಕ್ಟರು, ಲಾರಿ ನಿಲ್ಲುವ ಜಾಗದಲ್ಲಿ. ಮಳೆ ಹೋಗಿ ಎರಡು ವಾರವಾಗಿತ್ತು. ಕೆಂಪು ಮಣ್ಣು ಒಣಗಿ ಇಟ್ಟಿಗೆಯಂತಾಗಿತ್ತು. ಅದರ ಮೇಲೆ ಸುಣ್ಣದ ಗೆರೆ ಎಳೆದಿದ್ದರು, ಅಷ್ಟೆ. ಎದುರಾಳಿಗಳ ಹಿಡಿತಕ್ಕೆ ಸಿಕ್ಕ ಹುಡುಗನೊಬ್ಬ ಹೆಗಲೂರಿ ಬಿದ್ದ, ಮೂಳೆ ಮುರಿಯಿತು. ಆ ವರ್ಷ ಅವರ ಮನೆಯವರು ರಾಗಿ ಕೊಯ್ಲಿಗೆ ಕೂಲಿ ಕೊಟ್ಟು ಆಳು ಹಿಡಿದರು. ಜನ ಅವನ ಗ್ರಹಚಾರ ಎಂದರು. ನಾನು ಒಪ್ಪಲಿಲ್ಲ. ಅದು ನೆಲದ ತಪ್ಪು, ನೆಲವನ್ನು ನೋಡದವರ ತಪ್ಪು.

ಮೈಸೂರಿನ ಗರಡಿ ಮನೆಗಳಲ್ಲಿ ಇದು ಎಂದೋ ಗೊತ್ತಿದ್ದ ವಿಷಯ. ಅಲ್ಲಿ ಜರಡಿ ಹಿಡಿದ ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ, ಗುದ್ದಲಿಯಿಂದ ಮಗುಚಿ, ಕಲ್ಲು ಆರಿಸಿ ಮಟ್ಟಿಯನ್ನು ಹದ ಮಾಡುತ್ತಾರೆ. ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣದಲ್ಲಿ ದಸರಾ ಕುಸ್ತಿ ನಡೆಯುವುದೂ ಹದ ಮಾಡಿದ ಮಣ್ಣಿನ ಮೇಲೆಯೇ. ದಂಡೆ, ಬಸ್ಕಿ ಹೊಡೆದು ಮೈ ಹುರಿಗಟ್ಟಿಸಿದ ಪೈಲ್ವಾನನಿಗೇ ಮೆತ್ತನೆಯ ನೆಲ ಬೇಕು. ಹದಿಮೂರು ವರ್ಷದ ಶಾಲಾ ಹುಡುಗಿಗೆ ಬೇಡವೇ?

ಕಾರಣ ನಿಮಗೆ ಹೊಸದಲ್ಲ. ಸಡಿಲ ಮಣ್ಣಿನ ಕಣಗಳ ನಡುವೆ ಗಾಳಿಯಿರುತ್ತದೆ; ಬಿದ್ದ ಪೆಟ್ಟನ್ನು ಅಂಥ ನೆಲ ಸ್ವಲ್ಪ ಕುಸಿದು ತಾನೇ ನುಂಗುತ್ತದೆ. ಚಕ್ರ, ಕಾಲ್ತುಳಿತದಿಂದ ಆ ಗಾಳಿ ಹೊರಬಿದ್ದರೆ ಪೆಟ್ಟೆಲ್ಲ ಮೂಳೆಗೇ ವಾಪಸು. ಹಾಗೆಂದು ತೀರಾ ಸಡಿಲವೂ ಕೆಟ್ಟದ್ದೇ: ಪಾದ ಹೂತು ಮಂಡಿ ತಿರುಚುತ್ತದೆ. ಒಂದು ಕಡೆ ಗಟ್ಟಿ, ಒಂದು ಕಡೆ ಮೆತ್ತಗಿರುವ ಅಂಕಣ ಎಲ್ಲಕ್ಕಿಂತ ಅಪಾಯ.

೧೯೭೦ರ ದಶಕದಲ್ಲಿ ಆಸ್ಟ್ರೇಲಿಯಾದ ಬೇಡನ್ ಕ್ಲೆಗ್ ಎಂಬ ಇಂಜಿನಿಯರು ರಸ್ತೆಯ ತಳಪಾಯ ಎಷ್ಟು ಗಟ್ಟಿಯೆಂದು ನೋಡಲು ಒಂದು ಸುತ್ತಿಗೆ ರೂಪಿಸಿದರು. ಕೊಳವೆಯೊಳಗಿಂದ ತೂಕವನ್ನು ಕೆಳಕ್ಕೆ ಬಿಡುವುದು, ನೆಲಕ್ಕೆ ಬಡಿದಾಗ ಅದು ಎಷ್ಟು ಥಟ್ಟನೆ ನಿಂತಿತೆಂದು ಅಳೆಯುವುದು. ಈಗ ಹೊರದೇಶಗಳಲ್ಲಿ ಇದೇ ಉಪಕರಣದಿಂದ, ಸಾಮಾನ್ಯವಾಗಿ ೨.೨೫ ಕಿಲೋ ತೂಕವನ್ನು ೪೫ ಸೆಂ.ಮೀ. ಎತ್ತರದಿಂದ ಬಿಟ್ಟು, ಆಟದ ಮೈದಾನ ಪರೀಕ್ಷಿಸುತ್ತಾರೆ. ರಸ್ತೆಗೆ ಬೇಕಾದ ಗುಣ ಮೈದಾನಕ್ಕೆ ಬೇಡ, ನೋಡಿ!

ನಮ್ಮೂರಿಗೆ ಆ ಉಪಕರಣವೇ ಆಗಬೇಕೆಂದಿಲ್ಲ. ಪೆನ್ಸಿಲು ದಪ್ಪದ ಚೂಪು ಸಲಾಕೆ ಸಾಕು. ಅಂಕಣದ ಹತ್ತು ಹನ್ನೆರಡು ಕಡೆ ಕೈಯಿಂದಲೇ ಒತ್ತಿ. ಎರಡು ಅಂಗುಲವೂ ಇಳಿಯದಿದ್ದರೆ ಅಲ್ಲಿ ಆಡಿಸಬೇಡಿ. ಇದು ಪುಸ್ತಕದ ಲೆಕ್ಕವಲ್ಲ, ನನ್ನ ಅನುಭವದ್ದು. ಕೂಟಕ್ಕೆ ಮೂರು ನಾಲ್ಕು ದಿನ ಮುಂಚೆ ಸಂಜೆ ನೀರು ಕಟ್ಟಿ, ಹದ ಬಂದ ಮೇಲೆ ನಾಲ್ಕು ಅಂಗುಲ ಅಗೆದು, ಹೆಂಟೆ ಒಡೆದು, ಕಲ್ಲು, ಗಾಜಿನ ಚೂರು ಆರಿಸಿ ಮಟ್ಟ ಮಾಡಿ. ಕ್ರಿಕೆಟ್ ಪಿಚ್ಚಿಗೆ ಎಳೆಯುವ ರೋಲರನ್ನು ಇಲ್ಲಿಗೆ ತರಲೇಬೇಡಿ. ನಂಜನಗೂಡು ಕಡೆಯ ಎರೆ ಭೂಮಿಯಲ್ಲಾದರೆ ಬಿರುಕು ಮುಚ್ಚಿ. ಹಸಿ ಇದ್ದರೆ ಆಟ ಮುಂದೂಡಿ.

"ನಮ್ಮ ಕಾಲದಲ್ಲಿ ಮುಳ್ಳಿನ ಮೇಲೇ ಆಡಿದೆವು" ಎನ್ನುವ ಹಿರಿಯರಿದ್ದಾರೆ. ಅವರಲ್ಲಿ ಎಷ್ಟು ಮಂದಿ ಈಗ ಮಂಡಿ ಹಿಡಿದುಕೊಂಡು ಜಗಲಿ ಹತ್ತುತ್ತಾರೆಂದು ನಾನು ಕೇಳುವುದಿಲ್ಲ. ಆದರೆ ಶಾಮಿಯಾನ, ಮೈಕು, ಹಾರ ತುರಾಯಿಗೆ ಹಣ ಹೊಂದಿಸುವ ಸಂಘಟಕರಿಗೆ ನಾಲ್ಕು ಟ್ಯಾಂಕರು ನೀರು, ಎರಡಾಳಿನ ಕೂಲಿ ಹೊರೆಯೆನಿಸುವುದು ನನಗೆ ಅರ್ಥವಾಗದು.

ಈ ಸಲ ಕೂಟದ ಕರಪತ್ರ ಕೈಗೆ ಬಂದಾಗ ಅಂಕಣ ಹದ ಮಾಡುವವರು ಯಾರೆಂದು ಕೇಳಿ. ಉತ್ತರ ಬಾರದಿದ್ದರೆ ಹಿಂದಿನ ವಾರವೇ ಸಲಾಕೆ ಹಿಡಿದು ನೀವೇ ಹೋಗಿ.