ಹೆಣ ಬಿದ್ದ ಮೇಲೆ ಬರುವ ಪತ್ರಿಕೆಗಳಿಗೆ

ಪತ್ರಿಕೆ ಎಂದರೆ ಪ್ರಜಾಪ್ರಭುತ್ವದ ನಾಲ್ಕನೇ ಕಂಬವಂತೆ. ಇರಲಿ ಸ್ವಾಮಿ, ಒಪ್ಪಿದೆವು. ಆ ಕಂಬದ ನೆರಳು ನಮ್ಮ ಕೇರಿಯ ಮೇಲೆ ಬೀಳುವುದು ಯಾವಾಗ? ಗುಡಿಸಲು ಉರಿದ ಮೇಲೆ. ಹೆಣ ಬಿದ್ದ ಮೇಲೆ. ಹೋಟೆಲಿನಲ್ಲಿ ಬೇರೆ ಲೋಟ ಇಟ್ಟಾಗ, ಕೂಲಿ ಕೇಳಿದ್ದಕ್ಕೆ ಬಹಿಷ್ಕಾರ ಹಾಕಿದಾಗ ಎಷ್ಟು ವರದಿಗಾರರು ಇತ್ತ ತಲೆ ಹಾಕಿದ್ದಾರೆ? ದಿನಾ ನಡೆಯುವುದು ಸುದ್ದಿ ಹೇಗಾದೀತು ಅಂತಾರೆ. ದಿನಾ ನಡೆಯುತ್ತೆ ಅನ್ನೋದೇ ಸುದ್ದಿ ಅಲ್ಲವೇನ್ರಿ?

ಬಂದಾಗಲಾದರೂ ಬರೆಯುವುದೇನು? 'ಎರಡು ಗುಂಪುಗಳ ನಡುವೆ ಘರ್ಷಣೆ.' ಬೆಂಕಿ ಇಟ್ಟವರೂ ಗುಂಪು, ಬೆಂದವರೂ ಗುಂಪು! ಮಹಾರಾಷ್ಟ್ರದ ಖೈರ್ಲಾಂಜಿಯಲ್ಲಿ 2006ರ ಸೆಪ್ಟೆಂಬರ್ 29ರಂದು ಒಂದೇ ದಲಿತ ಕುಟುಂಬದ ತಾಯಿ, ಮಗಳು, ಇಬ್ಬರು ಗಂಡುಮಕ್ಕಳನ್ನು ಕೊಂದರು. ಮೊದಮೊದಲ ಸುದ್ದಿಗಳಲ್ಲಿ ಬಂದದ್ದು ಆ ತಾಯಿಯ 'ಅಕ್ರಮ ಸಂಬಂಧ'ದ ಕತೆ. ಸತ್ತವಳ ಸೆರಗಿಗೂ ಮಸಿ ಬಳಿದರು. ದೊಡ್ಡ ಪತ್ರಿಕೆ, ಚಾನೆಲ್ಲುಗಳು ಸರಿಯಾಗಿ ಕಣ್ಣು ಬಿಡಲು ತಿಂಗಳೇ ಹಿಡಿಯಿತು. ಬಿಡಿಸಿದವರು ನವೆಂಬರಿನಲ್ಲಿ ವಿದರ್ಭದ ಬೀದಿಗಿಳಿದ ನಮ್ಮ ಜನ.

ನಮ್ಮ ನಾಡಿನ ಕಂಬಾಲಪಲ್ಲಿಗೇ ಬನ್ನಿ. ಚಿಂತಾಮಣಿ ತಾಲೂಕು, 2000ದ ಮಾರ್ಚ್ 11. ಏಳು ಜನ ದಲಿತರನ್ನು ಜೀವಂತ ಸುಟ್ಟರು. ದೊಡ್ಡ ದೊಡ್ಡ ಅಕ್ಷರದಲ್ಲಿ ಸುದ್ದಿಯಾಯಿತು. 2006ರಲ್ಲಿ ವಿಚಾರಣಾ ಕೋರ್ಟು ಆರೋಪಿಗಳನ್ನೆಲ್ಲ ಬಿಟ್ಟಿತು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ತಿರುಗಿಬಿದ್ದಿದ್ದರು. ಯಾಕೆ ತಿರುಗಿಬಿದ್ದರು? ಅದೇ ಊರಲ್ಲಿ, ಅದೇ ಜನರ ಹೊಲದ ಪಕ್ಕ ಬಾಳಬೇಕಲ್ಲ! ಏಳು ಹೆಣಕ್ಕೆ ಒಬ್ಬ ಅಪರಾಧಿಯೂ ಇಲ್ಲ. ಬೆಂಕಿ ತಾನೇ ಹೊತ್ತಿಕೊಂಡಿತೇನೋ.

ಪತ್ರಿಕೆಗೆ ಕೆಲಸ ಇರುವುದೇ ಇಲ್ಲಿ. ವರದಿಗಾರ ಆಗಾಗ ಸಾಕ್ಷಿಯ ಮನೆ ಬಾಗಿಲಿಗೆ ಹೋಗಿಬಂದರೆ, ವಿಚಾರಣೆಯ ದಿನ ಕೋರ್ಟಿನಲ್ಲಿ ಕೂತರೆ, ಹೆದರಿಸುವವನಿಗೂ ಒಂದು ಹೆದರಿಕೆ ಇರುತ್ತೆ. 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ತಂದು, ಸಾಕ್ಷಿಗಳ ರಕ್ಷಣೆ ಸರ್ಕಾರದ ಹೊಣೆ ಎಂದು ಬರೆದಿದ್ದಾರೆ. ಕೊಟ್ಟಿದ್ದೀರಾ ಅಂತ ಎಸ್ಪಿಯನ್ನು ಕೇಳಿದ ಸಂಪಾದಕರು ಎಷ್ಟು ಮಂದಿ?

ಕೇಳುವವರು ಯಾರಿದ್ದಾರೆ ಅಲ್ಲಿ? ಆಕ್ಸ್‌ಫಾಮ್, ನ್ಯೂಸ್‌ಲಾಂಡ್ರಿ ಸೇರಿ 2019ರಲ್ಲಿ ಲೆಕ್ಕ ಹಾಕಿದಾಗ ದೇಶದ ಸುದ್ದಿಮನೆಗಳ 121 ಮೇಲಿನ ಕುರ್ಚಿಗಳಲ್ಲಿ 106 ಮೇಲ್ಜಾತಿಯವರದು. ದಲಿತರಿಲ್ಲ, ಆದಿವಾಸಿಗಳಿಲ್ಲ, ಒಬ್ಬರೂ! ಬಾಬಾಸಾಹೇಬರು 1920ರಲ್ಲಿ 'ಮೂಕನಾಯಕ' ತಂದಾಗ, ದುಡ್ಡು ಕೊಡುತ್ತೇವೆಂದರೂ 'ಕೇಸರಿ' ಅದರ ಜಾಹೀರಾತು ಹಾಕಲಿಲ್ಲ. ಬರೆದದ್ದಕ್ಕೆ ಜೈಲು ಕಂಡ ತಿಲಕರ ಪತ್ರಿಕೆ ಅದು! ಹೆಬ್ಬೆಟ್ಟು ಒತ್ತಿದ ಅಪ್ಪ ಅವ್ವಂದಿರ ಮಕ್ಕಳು ನಾವು ಡಿಗ್ರಿ ಹಿಡಿದು ನಿಂತಿದ್ದೇವೆ. ಆ ಕುರ್ಚಿ ನಮಗೆ ಯಾಕಿಲ್ಲ?

ಹಳ್ಳಿಯ ಮೇಷ್ಟ್ರುಗಳೇ, ಹಾಸ್ಟೆಲಿನ ಗೆಳೆಯರೇ, ಒಂದು ನೋಟ್‌ಬುಕ್ಕು ಇಡಿ. ದೂರಿನ ತಾರೀಖು, ಎಫ್‌ಐಆರ್ ನಂಬರು, ಹಾಕಿದ ಸೆಕ್ಷನ್ನು, ಮುಂದಿನ ವಿಚಾರಣೆಯ ದಿನ ಬರೆದುಕೊಳ್ಳಿ. 'ಗುಂಪು ಘರ್ಷಣೆ' ಎಂದು ಅಚ್ಚಾದ ಬೆಳಿಗ್ಗೆಯೇ ಆ ಪತ್ರಿಕೆಯ ಕಚೇರಿಗೆ ಹೋಗೋಣ, ಒಬ್ಬಿಬ್ಬರಲ್ಲ, ಇಡೀ ಕೇರಿ. ಹೊಡೆದವರು ಯಾರು, ಹೊಡೆಸಿಕೊಂಡವರು ಯಾರು, ಅಷ್ಟು ಬರೆಯಿರಿ ಎನ್ನೋಣ. ಬರೆಯದಿದ್ದರೆ ಈ ಪುಟಗಳಿಗೆ ಕಳಿಸಿ.